ಮಕ್ಕಳ ಮೊದಲ ಹಳೇ ಸಿನಿಮಾ: ನನ್ನ ಓಟು ‘ಬಬ್ರುವಾಹನ’ಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದಿದ್ದು ‘ಬಬ್ರುವಾಹನ’. ಅದೂ ಮೈಸೂರಿನ ಒಂದು ಹಳೇ ಸಿಡಿ ಅಂಗಡಿಯಲ್ಲಿ ಧೂಳು ಹಿಡಿದು ಕೂತಿದ್ದ ವಿಸಿಡಿ. ಬೆಲೆ ನೂರು ರೂಪಾಯಿ. ಸೋತಿದ್ದು, ಸಾವಿರದ ಹತ್ತಿರ ಕೊಟ್ಟು ವರ್ಷಕ್ಕೆ ತಗೊಂಡ ಒಂದು ಒಟಿಟಿ ಚಂದಾ. ಹಳೇ ಕನ್ನಡ ಸಿನಿಮಾ ಬೇಕಾದಷ್ಟಿವೆ ಅಂತ ಜಾಹೀರಾತಿನಲ್ಲಿ ಹೇಳಿದ್ದರು. ದುಡ್ಡು ಕಟ್ಟಿ ಒಳಗೆ ಹೋಗಿ ಹುಡುಕಿದರೆ 1990ಕ್ಕಿಂತ ಹಿಂದಿನವು ಬೆರಳಲ್ಲಿ ಎಣಿಸುವಷ್ಟು. ಆ ಸಿಟ್ಟಿನಲ್ಲೇ ಈ ಹೋಲಿಕೆ ಬರೆಯುತ್ತಿದ್ದೇನೆ, ಹಾಗಾಗಿ ನ್ಯಾಯ ಸ್ವಲ್ಪ ಒಂದು ಕಡೆ ವಾಲಿದರೆ ಅಡ್ಜಸ್ಟ್ ಮಾಡಿಕೊಳ್ಳಿ.

ಮನೆಯ ಪರಿಸ್ಥಿತಿ ಇಷ್ಟು. ಮಗಳಿಗೆ ಒಂಬತ್ತು, ಮಗನಿಗೆ ಆರು. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಆದರೆ ‘ಪರಾಕ್ರಮ’ ಅಂದರೆ ಮುಖ ಮುಖ ನೋಡುತ್ತಾರೆ. ಟಿವಿ ಒಂದೇ. ಸಿನಿಮಾ ಅಂದರೆ ಭಾನುವಾರ ಊಟ ಆದ ಮೇಲೆ. ಜೊತೆಗೆ ನಮ್ಮತ್ತೆ ಕೂತಿರುತ್ತಾರೆ, ಪ್ರತಿ ಸೀನಿಗೂ ಮುಂದೇನಾಗುತ್ತೆ ಅಂತ ಮೊದಲೇ ಹೇಳಿಬಿಡುತ್ತಾರೆ. ಅದು ತೊಂದರೆ ಅಂದುಕೊಂಡಿದ್ದೆವು. ಮಕ್ಕಳಿಗೆ ಅದೇ ಇಷ್ಟ ಅಂತ ಆಮೇಲೆ ಗೊತ್ತಾಯಿತು.

ಶುರು ಮಾಡಿದ್ದು ‘ಸತ್ಯ ಹರಿಶ್ಚಂದ್ರ’ದಿಂದ. ಇದಕ್ಕಿಂತ ಒಳ್ಳೆಯ ಸಿನಿಮಾ ಈ ಪಟ್ಟಿಯಲ್ಲಿ ಇಲ್ಲ, ಅದರಲ್ಲಿ ನನಗೆ ಅನುಮಾನವೇ ಇಲ್ಲ. 1965ರದ್ದು, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ವಿಶ್ವಾಮಿತ್ರನಾಗಿ ಉದಯಕುಮಾರ್ ಕಣ್ಣು ಬಿಟ್ಟರೆ ಸಾಕು, ಮಗ ಅಜ್ಜಿಯ ಸೆರಗು ಹಿಡಿಯುತ್ತಿದ್ದ. ನಕ್ಷತ್ರಿಕನಾಗಿ ನರಸಿಂಹರಾಜು ಸಾಲ ವಸೂಲಿಗೆ ಬೆನ್ನು ಬಿದ್ದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು. ‘ಕುಲದಲ್ಲಿ ಕೀಳ್ಯಾವುದೋ’ ಹಾಡಂತೂ ಒಂದು ವಾರ ಬಚ್ಚಲುಮನೆಯಲ್ಲೂ ನಡೆಯಿತು. ಕಪ್ಪು-ಬಿಳುಪು ಅನ್ನೋದು ಸಮಸ್ಯೆಯೇ ಆಗಲಿಲ್ಲ. ‘ಬಣ್ಣ ಯಾಕಿಲ್ಲ?’ ಅಂತ ಶುರುವಿನಲ್ಲಿ ಒಮ್ಮೆ ಕೇಳಿದರು, ಆಮೇಲೆ ಮರೆತರು. 2008ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ ಆವೃತ್ತಿಯನ್ನೂ ಸ್ವಲ್ಪ ಹಾಕಿ ನೋಡಿದೆವು. ಅರಮನೆ ಸೀನುಗಳಿಗೆ ಪರವಾಗಿಲ್ಲ. ಸ್ಮಶಾನಕ್ಕೆ ಮಾತ್ರ ಆ ಕಪ್ಪೇ ಚೆನ್ನ.

ಆದರೂ ಮೊದಲ ಸಿನಿಮಾ ಆಗಿ ಇದು ಬೇಡ. ಹರಿಶ್ಚಂದ್ರ ಹೆಂಡತಿಯನ್ನೂ ಮಗನನ್ನೂ ಮಾರುವ ಜಾಗದಲ್ಲೇ ಮನೆ ಸ್ತಬ್ಧ ಆಯಿತು. ಲೋಹಿತಾಶ್ವನಿಗೆ ಹಾವು ಕಚ್ಚಿದ ಮೇಲೆ ಮಗ ಎದ್ದು ಅಡುಗೆಮನೆಗೆ ಹೋದವನು ವಾಪಸ್ ಬರಲೇ ಇಲ್ಲ. ಕೊನೆಯಲ್ಲಿ ಎಲ್ಲ ಸರಿಹೋಗುತ್ತೆ ಅಂತ ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಮಗಳದ್ದು ಬೇರೆ ತಕರಾರು. ‘ಕನಸಲ್ಲಿ ಕೊಟ್ಟಿದ್ದನ್ನು ಯಾಕೆ ನಿಜವಾಗಿ ಕೊಡಬೇಕು?’ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

‘ಭಕ್ತ ಪ್ರಹ್ಲಾದ’ಕ್ಕೆ ಒಂದು ದೊಡ್ಡ ಅನುಕೂಲ ಇದೆ, ಅಪ್ಪು. ಆಟೊ ಹಿಂದೆ, ಗೋಡೆ ಮೇಲೆ ನೋಡಿದ ಮುಖ ಇಷ್ಟು ಪುಟ್ಟದಾಗಿ ಬಂದಾಗ ಮಕ್ಕಳಿಗೆ ನಂಬೋಕೇ ಆಗಲಿಲ್ಲ. 1983ರ ಸಿನಿಮಾ, ಹಿರಣ್ಯಕಶಿಪುವಾಗಿ ರಾಜ್‌ಕುಮಾರ್. ನಿಜವಾದ ಅಪ್ಪನೇ ನಿಜವಾದ ಮಗನನ್ನು ಗದರಿಸುತ್ತಿದ್ದಾರೆ ಅಂತ ಹೇಳಿದ ಮೇಲಂತೂ ಪ್ರತಿ ಸೀನಿಗೂ ‘ಪಾಪ, ಮನೆಗೆ ಹೋದ ಮೇಲೆ ಸಾರಿ ಕೇಳಿರಬೇಕು ಅಲ್ವಾ?’ ಕೊನೆಯ ನರಸಿಂಹನ ಹೊತ್ತಿಗೆ ಮಗನ ಕಣ್ಣು ಮುಚ್ಚಬೇಕಾಯಿತು, ಬೆರಳ ಸಂದಿಯಲ್ಲಿ ನೋಡಿದ ಅನ್ನಿ. ಎರಡನೇ ಸ್ಥಾನ ಇದಕ್ಕೆ. ಮೊದಲನೆಯದು ಯಾಕಲ್ಲ ಅಂದರೆ ಕಥೆ ಮೊದಲೇ ಗೊತ್ತು. ಶಾಲೆಯಲ್ಲಿ, ಕಾರ್ಟೂನಿನಲ್ಲಿ, ಎಲ್ಲ ಕಡೆ ಕೇಳಿಬಿಟ್ಟಿದ್ದಾರೆ.

‘ಗುರು ಶಿಷ್ಯರು’ (1981): ದಡ್ಡ ಶಿಷ್ಯರ ದಂಡು, ನಗು ಗ್ಯಾರಂಟಿ. ಐದಕ್ಕಿಂತ ಚಿಕ್ಕ ಮಕ್ಕಳಿದ್ದರೆ ಕಣ್ಣು ಮುಚ್ಚಿ ಇದನ್ನೇ ಹಾಕಿ.

‘ಬೆಟ್ಟದ ಹೂವು’ ಇನ್ನೂ ಎರಡು ವರ್ಷ ಕಾಯಲಿ. ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ, ನನಗೆ ಪ್ರಾಣ. ಆದರೆ ಅದು ಮೆಲ್ಲಗೆ ಮಾತಾಡುವ ಸಿನಿಮಾ. ಮಕ್ಕಳು ಬಿಸ್ಕತ್ತು ಡಬ್ಬ ತೆಗೆಯುವ ಸದ್ದಿನಲ್ಲಿ ಅರ್ಧ ಕಳೆದುಹೋಯಿತು.

ಈಗ ‘ಬಬ್ರುವಾಹನ’. 1977, ಇದೂ ಹುಣಸೂರರದ್ದೇ. ಅಣ್ಣಾವ್ರದ್ದು ಡಬಲ್ ಆ್ಯಕ್ಟಿಂಗ್, ಅಪ್ಪ ಅರ್ಜುನನೂ ಅವರೇ, ಮಗ ಬಬ್ರುವಾಹನನೂ ಅವರೇ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಕಥೆ. ಮಕ್ಕಳು ಕೇಳಿರುವ ಮಹಾಭಾರತದಲ್ಲಿ ಅರ್ಜುನ ಅಂದರೆ ತಪ್ಪೇ ಮಾಡದ ಹೀರೊ. ಇಲ್ಲಿ ಅವನೇ ಬಂದು, ಕಾಲಿಗೆ ಬಿದ್ದ ಮಗನನ್ನು ನೀನು ನನ್ನ ಮಗನೇ ಅಲ್ಲ ಅಂತ ಅವಮಾನ ಮಾಡುತ್ತಾನೆ, ತಾಯಿ ಚಿತ್ರಾಂಗದೆಯನ್ನೂ ಬಿಡುವುದಿಲ್ಲ. ಮಗಳು ಸೋಫಾದಿಂದ ಎದ್ದು ನಿಂತಳು. ದೊಡ್ಡವರು ತಪ್ಪು, ಮಗುವೇ ಸರಿ ಅಂತ ಎರಡು ಗಂಟೆ ಸಾಧಿಸುವ ಸಿನಿಮಾ ಮಕ್ಕಳಿಗೆ ಹಿಡಿಸದೆ ಇರುತ್ತಾ?

ಮತ್ತೆ ಆ ಹಾಡು, ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’. ಅದನ್ನು ಹಾಡು ಅನ್ನುವುದಕ್ಕಿಂತ ಜಗಳ ಅನ್ನಬೇಕು. ಅಪ್ಪ ಒಂದು ಮಾತು ಬಿಟ್ಟರೆ ಮಗ ಎರಡು ತಿರುಗಿಸಿ ಕೊಡುತ್ತಾನೆ. ಅರ್ಥ ಪೂರ್ತಿ ಆಗದಿದ್ದರೂ ಯಾರು ಯಾರಿಗೆ ಟಾಂಗ್ ಕೊಟ್ಟರು ಅಂತ ಆರು ವರ್ಷದವನಿಗೂ ಗೊತ್ತಾಗುತ್ತೆ. ಅತ್ತೆ ಇಲ್ಲಿ ಒಂದು ಒಳ್ಳೆ ವಿಷಯ ಹೇಳಿದರು. ಅರ್ಜುನನಿಗೆ ಪಿ.ಬಿ. ಶ್ರೀನಿವಾಸ್ ದನಿ, ಬಬ್ರುವಾಹನನಿಗೆ ಸ್ವತಃ ರಾಜ್‌ಕುಮಾರ್ ದನಿ. ಅಣ್ಣಾವ್ರಿಗೆ ವರ್ಷಗಟ್ಟಲೆ ಹಾಡಿದವರು ಪಿ.ಬಿ.ಎಸ್. 1974ರಲ್ಲಿ ‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ’ ಹಿಟ್ ಆದ ಮೇಲೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡತೊಡಗಿದರು. ಅಂದರೆ ಅವರ ಹಳೇ ದನಿ ಅಪ್ಪನಿಗೆ, ಹೊಸ ದನಿ ಮಗನಿಗೆ. ಇಷ್ಟು ವರ್ಷ ಈ ಹಾಡು ಕೇಳಿದ್ದೇನೆ, ನನಗೆ ಹೊಳೆದೇ ಇರಲಿಲ್ಲ.

ಭಾಷೆ ಕಷ್ಟ ಅಲ್ವಾ ಅಂತ ಕೇಳುತ್ತಾರೆ. ಕಷ್ಟವೇ. ಆದರೆ ಕಂಪನಿ ನಾಟಕದ ಮಾತಿನ ಗತ್ತು ಅದು, ಕಿವಿಗೆ ಮೊದಲು ಬೀಳುತ್ತೆ, ತಲೆಗೆ ಆಮೇಲೆ. ಈಗ ಅಕ್ಕ-ತಮ್ಮನ ಜಗಳದಲ್ಲಿ ‘ಎಲವೋ’ ಬರತೊಡಗಿದೆ. ರಿಮೋಟ್ ಕೊಡದಿದ್ದರೆ ‘ಎಲವೋ ದುರುಳ’. ಕನ್ನಡ ಟ್ಯೂಷನ್ನಿನಿಂದ ಇದು ಆಗಿರಲಿಲ್ಲ.

ಸಮಸ್ಯೆ ಇರೋದು ಸಿನಿಮಾದಲ್ಲಿ ಅಲ್ಲ, ಪ್ರಿಂಟಿನಲ್ಲಿ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕಂದರೆ ಯಾರೂ ಹೇಳುವುದಿಲ್ಲ.

ಆ ಕಾಲದ ಈ ಸಿನಿಮಾಗಳ ಚೌಕಟ್ಟು ಹೆಚ್ಚು ಕಡಿಮೆ 4:3, ಅಂದರೆ ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರ. ನಮ್ಮ ಈಗಿನ ಟಿವಿ 16:9. ಸರಿಯಾಗಿ ತೋರಿಸಿದರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರಬೇಕು. ಆ ಪಟ್ಟಿ ಕಂಡರೆ ಜನ ಬೇಜಾರಾಗುತ್ತಾರೆ ಅಂತ ಯಾರಿಗೆ ಅನಿಸಿತೋ, ಅದನ್ನು ತುಂಬಿಸೋಕೆ ಎರಡು ಅಡ್ಡದಾರಿ ಹಿಡಿದಿದ್ದಾರೆ. ಒಂದು, ಚಿತ್ರವನ್ನು ಅಡ್ಡಕ್ಕೆ ಎಳೆಯುವುದು. ಎಲ್ಲರೂ ಮೂರನೇ ಒಂದು ಪಾಲು ಅಗಲ ಆಗುತ್ತಾರೆ. ನೆಟ್‌ನಲ್ಲಿ ಬಿಟ್ಟಿ ಸಿಕ್ಕ ‘ಬಬ್ರುವಾಹನ’ದ ವಿಡಿಯೊದಲ್ಲಿ ಕಾಂಚನಾ ಅವರ ಉಲೂಚಿಯನ್ನು (ಅರ್ಜುನನ ಇನ್ನೊಬ್ಬ ಹೆಂಡತಿ) ನೋಡಿ ಮಗಳು ‘ಎಲ್ಲರೂ ಯಾಕೆ ಒಂಥರಾ ಊದಿಕೊಂಡಿದ್ದಾರೆ?’ ಅಂದಳು.

ಎರಡನೇ ದಾರಿ ಇನ್ನೂ ಕೆಟ್ಟದ್ದು. ಮೇಲೆ ಕೆಳಗೆ ಕತ್ತರಿಸುವುದು. 4:3 ಚಿತ್ರವನ್ನು 16:9 ಮಾಡಲು ಎತ್ತರದಲ್ಲಿ ಕಾಲು ಭಾಗ ಹೋಗಬೇಕು. ಸಾಮಾಜಿಕ ಸಿನಿಮಾ ಆದರೆ ಹಣೆಯ ತುದಿ ಹೋಯಿತು ಅಂತ ಸುಮ್ಮನಾಗಬಹುದು. ಪೌರಾಣಿಕದಲ್ಲಿ ಹೋಗೋದು ಕಿರೀಟ! ದುಡ್ಡು ಕೊಟ್ಟು ತಗೊಂಡ ಆ ಒಟಿಟಿಯಲ್ಲಿ ಇದ್ದ ಒಂದು ಪೌರಾಣಿಕ ಸಿನಿಮಾದಲ್ಲಿ ರಾಜ ಯಾರು, ಮಂತ್ರಿ ಯಾರು ಅಂತಲೇ ಗೊತ್ತಾಗದ ಹಾಗೆ ಎಲ್ಲರ ಕಿರೀಟಕ್ಕೂ ಕತ್ತರಿ. ಕುಣಿಯುವವರ ಪಾದವೂ ಕಾಣದು. ಗೆಜ್ಜೆ ಸದ್ದು ಮಾತ್ರ ಕೇಳುತ್ತೆ.

ಇವೆರಡರಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಎಳೆದ ಚಿತ್ರವನ್ನು ಸರಿ ಮಾಡಬಹುದು. ಟಿವಿ ಸೆಟ್ಟಿಂಗ್ಸ್‌ನಲ್ಲಿ ‘ಪಿಕ್ಚರ್ ಸೈಜ್’ ಅಂತ ಇರುತ್ತೆ, ಅದರಲ್ಲಿ 4:3 ಒತ್ತಿದರೆ ಎಳೆದಿದ್ದು ಮತ್ತೆ ಒಳಗೆ ಹೋಗಿ ಮುಖ ಮುಖದ ಹಾಗೆ ಕಾಣುತ್ತೆ. ಕತ್ತರಿಸಿದ್ದು ಹೋಯಿತು, ಅದಕ್ಕೆ ಮದ್ದಿಲ್ಲ. ನಮ್ಮ ಟಿವಿಯಲ್ಲಂತೂ ಆ್ಯಪ್ ತೆರೆದಾಗ ಈ ಸೆಟ್ಟಿಂಗ್ ಬದಲಾಯಿಸಲು ಬಿಡುವುದೇ ಇಲ್ಲ. ಹಾಗಾಗಿ ಬಿಟ್ಟಿ ವಿಡಿಯೊವನ್ನು ಲ್ಯಾಪ್‌ಟಾಪಿನಿಂದ ವೈರ್ ಹಾಕಿ ತೋರಿಸಬೇಕಾಯಿತು. ಅಷ್ಟೆಲ್ಲ ಮಾಡಿ ಕೂತರೆ, ಸರಿಯಾಗಿ ಅಪ್ಪ-ಮಗನ ಹಾಡಿನ ನಡುವೆ ಚಿನ್ನದ ಸಾಲದ ಜಾಹೀರಾತು. ಅರ್ಜುನ ಮಾತು ಬಿಟ್ಟಿದ್ದಾನೆ, ಬಬ್ರುವಾಹನ ತಿರುಗಿಸಿ ಕೊಡಬೇಕು, ಅಷ್ಟರಲ್ಲಿ ಗ್ರಾಮಿಗೆ ಎಷ್ಟು ಕೊಡುತ್ತಾರೆ ಅಂತ ಒಬ್ಬಳು ನಗುತ್ತಾ ಹೇಳುತ್ತಾಳೆ. ಮಕ್ಕಳ ಕೋಪ ನೋಡಬೇಕಿತ್ತು.

ವಿಸಿಡಿಗೆ ಬಂದದ್ದು ಆಗಲೇ. ಅದರ ದೋಷಗಳೂ ಕಡಿಮೆ ಇಲ್ಲ. ಚಿತ್ರ ಮಸುಕು. ವಿಸಿಡಿಯಲ್ಲಿ ಇರೋದೇ 352 ಅಡ್ಡ, 288 ಉದ್ದದ ಚುಕ್ಕೆಗಳು, ದೊಡ್ಡ ಟಿವಿಯಲ್ಲಿ ಹತ್ತಿರ ಕೂತರೆ ಕಣ್ಣಿಗೆ ಹೊಡೆಯುತ್ತೆ. ಸೋಫಾ ಹಿಂದಕ್ಕೆ ಸರಿಸಿದೆವು. ಅಟ್ಟದಲ್ಲಿದ್ದ ಪ್ಲೇಯರಿನ ಹಳದಿ-ಕೆಂಪು-ಬಿಳಿ ವೈರಿಗೆ ಹೊಸ ಟಿವಿಯಲ್ಲಿ ತೂತೇ ಇಲ್ಲ. ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ನಾನೂರೈವತ್ತು ಕೊಟ್ಟು ಒಂದು ಪುಟ್ಟ ಕನ್ವರ್ಟರ್ ಡಬ್ಬಿ ತಂದ ಮೇಲೆ ಬಂತು. ಅದೂ ಚಿತ್ರವನ್ನು ಎಳೆಯುತ್ತೆ, ಆದರೆ ಇಲ್ಲಿ ರಿಮೋಟಿನ 4:3 ಕೆಲಸ ಮಾಡುತ್ತೆ. ಕಿರೀಟ ಪೂರ್ತಿ, ಪಾದ ಪೂರ್ತಿ. ಜಾಹೀರಾತು ಇಲ್ಲ.

ಇನ್ನೊಂದು ಲಾಭ ಯಾರೂ ಲೆಕ್ಕಕ್ಕೆ ಹಿಡಿಯದ್ದು. ಒಂದು ವಿಸಿಡಿಯಲ್ಲಿ ಹಿಡಿಸೋದು ಒಂದೂಕಾಲು ಗಂಟೆಯ ಆಸುಪಾಸು. ಹಾಗಾಗಿ ಸಿನಿಮಾ ತುಂಡು ತುಂಡಾಗಿ ಎರಡು ಮೂರು ಡಿಸ್ಕಿನಲ್ಲಿ ಬರುತ್ತೆ. ಡಿಸ್ಕ್ ಮುಗಿದರೆ ಇಂಟರ್ವಲ್. ಮಂಡಕ್ಕಿ, ಬಾತ್‌ರೂಮು, ಅಜ್ಜಿಯಿಂದ ಮುಂದಿನ ಕಥೆ. ಮಗನಿಗೆ ಡಿಸ್ಕ್ ಬದಲಾಯಿಸುವ ಕೆಲಸ ಕೊಟ್ಟಿದ್ದೇವೆ. ಆ ಕೆಲಸ ಮಾಡುವ ಆಸೆಗೇ ಅವನು ಕದಲದೆ ಕೂರುತ್ತಾನೆ. ಮೂರು ಸಿನಿಮಾ ಒಂದೇ ಡಿವಿಡಿಯಲ್ಲಿ ತುರುಕಿದ್ದನ್ನೂ ಅಂಗಡಿಯವರು ತೋರಿಸಿದರು. ಅದನ್ನು ಮುಟ್ಟಬೇಡಿ, ಒತ್ತಿ ಒತ್ತಿ ಚಿತ್ರ ಇನ್ನೂ ಕಲಸಿಹೋಗಿರುತ್ತೆ.

ಒಟ್ಟು ಖರ್ಚು ಐನೂರೈವತ್ತು, ಮುಂದಿನ ಸಿನಿಮಾಗಳಿಗೆ ಡಿಸ್ಕಿನ ದುಡ್ಡು ಮಾತ್ರ. ಒಟಿಟಿ ಚಂದಾ ರಿನ್ಯೂ ಮಾಡಲ್ಲ. ಅಟ್ಟದಲ್ಲಿ ಪ್ಲೇಯರ್ ಇಲ್ಲದವರು ಇದಕ್ಕೆಂದೇ ಹೊಸದು ತಗೊಳ್ಳಿ ಅಂತ ನಾನು ಹೇಳಲ್ಲ. ಬಿಟ್ಟಿ ವಿಡಿಯೊಗಳಲ್ಲೇ ಕಪ್ಪು ಪಟ್ಟಿ ಇರುವುದನ್ನು ಹುಡುಕಿ. ಅದು ಕಂಡರೆ ಯಾರೂ ಕತ್ತರಿ ಆಡಿಸಿಲ್ಲ ಅಂತ ಅರ್ಥ. ಹಿಂದಿನ ರಾತ್ರಿಯೇ ಆ ದೊಡ್ಡ ಹಾಡಿನ ಜಾಗದಲ್ಲಿ ಒಮ್ಮೆ ಓಡಿಸಿ ನೋಡಿಕೊಳ್ಳಿ. ದನಿ ಕೆಲವದರಲ್ಲಿ ತುಂಬಾ ಸಣ್ಣದಿರುತ್ತೆ, ಪೂರ್ತಿ ಹಾಡನ್ನೇ ಹಾರಿಸಿರುವುದೂ ಉಂಟು.

ಮುಂದೆ ಏನು ಅನ್ನೋದರಲ್ಲಿ ಮನೆಯಲ್ಲಿ ಒಮ್ಮತ ಇಲ್ಲ. ಅತ್ತೆಗೆ ‘ಮಯೂರ’, ನಮ್ಮವರಿಗೆ ‘ಗಂಧದ ಗುಡಿ’. ಮಗಳು ಹರಿಶ್ಚಂದ್ರನನ್ನೇ ಮತ್ತೆ ನೋಡಬೇಕು ಅನ್ನುತ್ತಿದ್ದಾಳೆ, ಕನಸಿನ ವಿಷಯ ಅವಳಿಗೆ ಇನ್ನೂ ಬಗೆಹರಿದಿಲ್ಲ.