ಶಾರ್ಟ್ ರೈಫಲ್‌ಗೆ ಲೈಟ್ ಹಾಕ್ಸೋರು ದಯವಿಟ್ಟು ಇದನ್ನ ಓದಿ

ಹೋದ ತಿಂಗಳು ನಮ್ಮನೇಲಿ ಬೆಂಕಿ ಹತ್ತೋದು ಸ್ವಲ್ಪದ್ರಲ್ಲಿ ತಪ್ಪಿತು, ಅದಕ್ಕೇ ಬರೀತಿದೀನಿ. ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಕನ್ನಡದವರೂ ಶೂಟಿಂಗ್ ರೇಂಜ್‌ಗೆ ಹೋಗ್ತಾರೆ, ಎಆರ್-15 ಥರದ ರೈಫಲ್ ತಗೋತಾರೆ, ಅವರಿಗೆ ಗೊತ್ತಿರ್ಲಿ.

ನಂದು 10.5 ಇಂಚು ಬ್ಯಾರೆಲ್. 16 ಇಂಚಿಗಿಂತ ಕಮ್ಮಿ ಇದ್ರೆ 1934ರ ಎನ್‌ಎಫ್‌ಎ ಅನ್ನೋ ಫೆಡರಲ್ ಗನ್ ಕಾನೂನಿಗೆ ಬರುತ್ತೆ, ಫಾರ್ಮ್ 1 ಅನ್ನೋ ಸರ್ಕಾರಿ ಅರ್ಜಿ ಅಪ್ರೂವ್ ಆಗೋ ತನಕ ಜೋಡಿಸೋ ಹಾಗಿಲ್ಲ, ಅದೆಲ್ಲ ಸರಿಯಾಗೇ ಮಾಡಿದ್ದೆ. ತಪ್ಪಾಗಿದ್ದು ಲೈಟ್ ತಗೊಳ್ಳೋದ್ರಲ್ಲಿ. ಆನ್‌ಲೈನ್‌ನಲ್ಲಿ ಒಂದು ಕಡೆ ಅರ್ಧ ರೇಟಿಗಿಂತ ಕಮ್ಮಿಗೆ ಸಿಕ್ತು, ನೋಡೋಕೆ ಥೇಟ್ ಒಳ್ಳೆ ಕಂಪನಿ ಲೈಟ್ ಥರಾನೇ, ಲುಮೆನ್ಸ್ ದೊಡ್ಡದಾಗಿ ಬರೆದಿದ್ರು, ಜೊತೆಗೆ ಬೆರಳಲ್ಲಿ ಒತ್ತಿದ್ರೆ ಲೈಟ್ ಹತ್ತೋ, ವೈರ್ ಇರೋ ಪ್ರೆಶರ್ ಸ್ವಿಚ್ ಫ್ರೀ. ಲುಮೆನ್ಸ್ ಅಂದ್ರೆ ಒಟ್ಟು ಎಷ್ಟು ಬೆಳಕು ಅಂತ ಅಷ್ಟೇ, ದೂರ ಎಷ್ಟು ಹೋಗುತ್ತೆ ಅಂತ ಕ್ಯಾಂಡೆಲಾ ನೋಡಿದ್ರೆ ಗೊತ್ತಾಗೋದು, ಅದನ್ನ ಅವರು ಎಲ್ಲೂ ಹಾಕಿರ್ಲಿಲ್ಲ, ನಾನೂ ಕೇಳ್ಲಿಲ್ಲ.

ಗಿಡ್ಡ ಬ್ಯಾರೆಲ್ ಆದ್ರೆ ಅದರ ಸುತ್ತ ಕೈಲಿ ಹಿಡಿಯೋ ಹ್ಯಾಂಡ್‌ಗಾರ್ಡೂ ಗಿಡ್ಡ, ಲೈಟ್ ಹೋಗಿ ಮಝಲ್ ಅಂದ್ರೆ ಗನ್ ಬಾಯಿ ಪಕ್ಕದಲ್ಲೇ ಕೂರುತ್ತೆ. ರಾತ್ರಿ ಶೂಟಿಂಗ್ ಕ್ಲಾಸಿಗೆ ಹೋಗಿದ್ದಾಗ ಸುಮಾರು 100 ರೌಂಡ್ ಆಗೋ ಹೊತ್ತಿಗೆ ಲೆನ್ಸ್ ಮೇಲೆ ಮಸಿ ಕೂತು ಬೆಳಕು ಮಂಕಾಯ್ತು, ಆಮೇಲೆ ಲೈಟೇ ವಾಲೋಕೆ ಶುರು. ಇನ್‌ಸ್ಟ್ರಕ್ಟರ್ ಗನ್ ಖಾಲಿ ಮಾಡ್ಸಿ ಬಿಚ್ಚಿ ನೋಡಿದ್ರೆ ಲೈಟನ್ನ ಹ್ಯಾಂಡ್‌ಗಾರ್ಡ್ ಸ್ಲಾಟಿಗೆ ಕೂರಿಸೋ ಎಂ-ಲಾಕ್‌ನ ಒಂದು ಟಿ-ನಟ್ ಅರ್ಧ ಮಾತ್ರ ತಿರುಗಿತ್ತು. ಅದು ಒಳಗಡೆ ಪೂರ್ತಿ ಅಡ್ಡ ತಿರುಗಿ ಸ್ಲಾಟನ್ನ ಹಿಡ್ಕೋಬೇಕು, ಹೊರಗಿಂದ ಸ್ಕ್ರೂ ಟೈಟಾಗಿದೆ ಅನ್ನಿಸ್ಬಿಡುತ್ತೆ, ಹಾಗಾಗಿ ಹ್ಯಾಂಡ್‌ಗಾರ್ಡ್ ಒಳಗೆ ಕಣ್ಣಿಟ್ಟು ನೋಡ್ಲೇಬೇಕು. ಸ್ವಿಚ್ ಕಥೆ ಇನ್ನೂ ಕೆಟ್ಟದು, ಬ್ಯಾರೆಲ್ ಬಿಸಿಗೆ ಹಿಂದಿನ ಗಮ್ ಟೇಪ್ ಮೆತ್ತಗಾಗಿ ಕಿತ್ಕೊಂಡು ವೈರ್ ಜೊತೆ ನೇತಾಡ್ತಿತ್ತು, ನಾನು ಝಿಪ್ ಟೈ ಹಾಕಿ ಬಿಗಿದು ಸರಿ ಹೋಯ್ತು ಅಂದ್ಕೊಂಡೆ.

ಮನೆಗೆ ಬಂದು ಗನ್ ಖಾಲಿ ಇದೆ ಅಂತ ಎರಡು ಸಲ ನೋಡಿ ಬ್ಯಾಗಲ್ಲಿ ಹಾಕಿ ಕಪಾಟಿಗೆ ಬೀಗ ಹಾಕಿದೆ. ಬ್ಯಾಗ್ ಝಿಪ್ ಎಳೆದಾಗ ಆ ಪ್ರೆಶರ್ ಸ್ವಿಚ್ ಒತ್ತಿಕೊಂಡು ಲೈಟ್ ಆನ್ ಆಗಿದೆ, ನಂಗೆ ಗೊತ್ತೇ ಆಗಿಲ್ಲ. ಒಂದು ಗಂಟೆ ಬಿಟ್ಟು ನನ್ನ ಹೆಂಡ್ತಿ ಏನೋ ಸುಟ್ಟ ವಾಸನೆ ಬರ್ತಿದೆ ಅಂದ್ಳು. ತೆಗೆದು ನೋಡಿದ್ರೆ ಲೈಟಿನ ಮುಂದಿನ ಫೋಮ್ ಗುಂಡಗೆ ಕರಗಿ ಹೋಗಿತ್ತು, ಲೈಟ್ ಮುಟ್ಟೋಕಾಗ್ತಿರ್ಲಿಲ್ಲ. ಪಕ್ಕದ ರೂಮಲ್ಲಿ ಮಗಳು ಮಲಗಿದ್ಳು. ಅದರ ಮೇಲೆ ಒಳಗಿದ್ದ ಎರಡು ಸಿಆರ್123ಎ ಬ್ಯಾಟರಿಲಿ ಒಂದು ಹಳೇದು ಒಂದು ಹೊಸದು, ಬೇರೆ ಬೇರೆ ಕಂಪನಿದು. ಹಾಗೆ ಯಾವತ್ತೂ ಹಾಕ್ಬೇಡಿ, ಬಲ ಕಮ್ಮಿ ಇರೋ ಬ್ಯಾಟರಿ ಮೊದ್ಲು ಖಾಲಿಯಾಗಿ ಇನ್ನೊಂದು ಅದನ್ನ ಉಲ್ಟಾ ತಳ್ಳುತ್ತೆ, ಲಿಥಿಯಂ ಆದ್ದರಿಂದ ಸಿಡಿಯೋ ಚಾನ್ಸ್ ಇರುತ್ತೆ.

ಸೆಲ್ಲರ್‌ಗೆ ಫೋಟೋ ಕಳಿಸಿದೀನಿ, ಉತ್ತರ ಇಲ್ಲ.

ಈಗ ಬೇರೆ ಲೈಟ್, ವೈರೇ ಇಲ್ಲ, ಹಿಂದೆ ಒತ್ತೋ ಬಟನ್ ಮಾತ್ರ. ಹೆಬ್ಬೆರಳು ಅಲ್ಲಿಗೆ ತಾನಾಗೇ ಹೋಗೋ ಜಾಗ ಹುಡುಕೋಕೆ ಖಾಲಿ ಗನ್ ಇಟ್ಕೊಂಡು ಎರಡು ದಿನ ಅಲ್ಲಿ ಇಲ್ಲಿ ಕೂರ್ಸಿ ನೋಡ್ದೆ, ಈ ಕೆಲಸಾನ ಅಂಗಡಿಯವರಿಗೆ ಬಿಡ್ಬೇಡಿ, ಕೈ ನಿಮ್ದು. ಸ್ಕ್ರೂ ಸಡಿಲಾಗದೇ ಇರ್ಲಿ ಅಂತ ಅದಕ್ಕೆ ನೀಲಿ ಲಾಕ್‌ಟೈಟ್ ಅಂಟು ಹಾಕಿ ಒಂದು ದಿನ ಒಣಗೋಕೆ ಬಿಟ್ಟೆ, ಪೇಂಟ್ ಪೆನ್ನಲ್ಲಿ ಗೆರೆ ಎಳೆದಿದೀನಿ, ಸಡಿಲ ಆದ್ರೆ ಗೆರೆ ತಪ್ಪುತ್ತೆ. ಶೂಟ್ ಮಾಡೋಕೆ ಮುಂಚೆ ಲೆನ್ಸಿಗೆ ತೆಳ್ಳಗೆ ಲಿಪ್ ಬಾಮ್ ಸವರಿದ್ರೆ ಮಸಿ ಆಮೇಲೆ ಬಟ್ಟೇಲಿ ಒರೆಸಿದ್ರೆ ಬರುತ್ತೆ.

ನಮ್ಮ ಮಾವ ಕೊಡಗಿನವರು, ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡೋ ಮನೆ. ವಿಡಿಯೋ ಕಾಲ್‌ನಲ್ಲಿ ಈ ಲೈಟ್ ನೋಡಿ ಕೇಳಿದ್ರು, "ಅಲ್ಲಪ್ಪ, ಬೆಳಕು ಬೇಕು ಅಂದ್ರೆ ಕೋವಿ ಬಾಯೇ ಆ ಕಡೆ ತಿರುಗಿಸ್ಬೇಕಲ್ಲ, ಅಲ್ಲಿ ಮಗು ನಿಂತಿದ್ರೆ?" ಅವತ್ತಿಂದ ಹಾಸಿಗೆ ಪಕ್ಕ ಬೇರೆ ಟಾರ್ಚ್ ಇಟ್ಟಿದೀನಿ, ರಾತ್ರಿ ಏನು ಸದ್ದಾದ್ರೂ ಮೊದ್ಲು ಕೈಗೆ ತಗೊಳ್ಳೋದು ಅದನ್ನೇ.

ನಿಮ್ಮತ್ರ ಪ್ರೆಶರ್ ಸ್ವಿಚ್ ಇರೋ ಲೈಟಿದ್ರೆ ಬ್ಯಾಗಿಗೆ ಹಾಕೋ ಮುಂಚೆ ಬ್ಯಾಟರಿ ತೆಗೆದುಬಿಡಿ. ಹಿಂದಿನ ಕ್ಯಾಪ್ ಒಂದು ಸುತ್ತು ಸಡಿಲಿಸಿದ್ರೆ ಸಾಕು ಅಂತಾರೆ, ಎಲ್ಲ ಲೈಟಲ್ಲೂ ಅದು ಕೆಲಸ ಮಾಡಲ್ಲ, ಹಾಗೆ ಮಾಡೋರು ಸಡಿಲಿಸಿದ ಮೇಲೆ ಸ್ವಿಚ್ ಒತ್ತಿ ನೋಡ್ಕೊಳ್ಳಿ.