ಹಳೇ ಸಿವಿಕ್ಕೋ ಹೊಸ ಸಿವಿಕ್ಕೋ: ಪುಣೆಯಲ್ಲಿ ನಾಲ್ಕು ವರ್ಷ ಓಡಿಸಿದ ಮೇಲೆ

2021ರಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಹೋಂಡಾ ಸಿವಿಕ್ ನೋಡಿಟ್ಟಿದ್ದೆ. ಒಂದು 2009ರದು, ಎಂಟನೇ ತಲೆಮಾರು, ಮ್ಯಾನುವಲ್, ಎರಡೂವರೆ ಲಕ್ಷ. ಇನ್ನೊಂದು 2019ರದು, ಹತ್ತನೇ ತಲೆಮಾರು, ಹದಿನಾಲ್ಕು ಲಕ್ಷ. ನಡುವಿನ ಒಂಬತ್ತನೆಯದು ನಮ್ಮ ದೇಶಕ್ಕೆ ಬರಲೇ ಇಲ್ಲ. ನಾಲ್ಕು ಬಾಗಿಲಿನ ಗಾಡಿಯನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರು ನಗಲಿ. ಪುಣೆಯಲ್ಲಿ ಮನೆ ಸಾಲ ಕಟ್ಟುತ್ತಿರುವ ಧಾರವಾಡದವನ ಕೈಗೆಟುಕುವ ಜಪಾನಿ ಸ್ಪೋರ್ಟ್ಸ್ ಕಾರು ಇದೇ.

ಹಳೆಯದನ್ನೇ ತಗೊಂಡೆ. ದುಡ್ಡಿಗಾಗಿ ಅಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಮನಸ್ಸು ತಿರುಗಿಸಿದ್ದು ಗೇರು. ಎರಡರಲ್ಲೂ ಇರುವುದು 1.8 ಲೀಟರ್ ಐ-ವಿಟೆಕ್ ಪೆಟ್ರೋಲ್ ಎಂಜಿನ್. ವಿಟೆಕ್ ಅಂದರೆ ಎಂಜಿನ್ ವಾಲ್ವ್ ತೆರೆದು ಮುಚ್ಚುವ ರೀತಿ ಬದಲಿಸೋ ಹೋಂಡಾದ ತಂತ್ರ. ಹಳೆಯದಕ್ಕೆ 132 ಪಿಎಸ್ ಶಕ್ತಿ, ಹೊಸದಕ್ಕೆ 141. ಇಷ್ಟು ವರ್ಷಕ್ಕೆ ಒಂಬತ್ತೇ ಜಾಸ್ತಿ! ಅದೂ ಹೊಸ ಪೆಟ್ರೋಲ್ ಗಾಡಿಗೆ ಸಿವಿಟಿ, ಅಂದರೆ ಗೇರಿನ ಹಂತಗಳೇ ಇಲ್ಲದ ಆಟೋಮ್ಯಾಟಿಕ್ ಮಾತ್ರ. ಮ್ಯಾನುವಲ್ ಬೇಕಂದರೆ ಡೀಸೆಲ್‌ಗೆ ಹೋಗಬೇಕು. ಓಡಿಸಿ ನೋಡಿದಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮೊದಲು ಸದ್ದು ಬಂತು, ವೇಗ ಹಿಂದಿನಿಂದ ಬಂತು. ನಮ್ಮೂರ ಹಿಟ್ಟಿನ ಗಿರಣಿ ನೆನಪಾಯಿತು.

ಹಳೆಯದರ ಸುಖ ಗೊತ್ತಾಗುವುದು ಸಾತಾರಾ ಕಡೆ ಹೋಗುವಾಗ, ಖಂಬಾಟ್ಕಿ ಘಾಟಿನಲ್ಲಿ. ಮೂರನೇ ಗೇರಿಗೆ ಇಳಿಸಿ 4,000 ಆರ್‌ಪಿಎಂ ದಾಟಿಸಿದರೆ ಎಳೆತವೇ ಬೇರೆ. ಇದರ ಪೂರ್ತಿ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), 172 ಎನ್ಎಂ, ಸಿಗುವುದೇ 4,300ಕ್ಕೆ. ಹಾಗಂತ, ಆರ್‌ಪಿಎಂ ಏರಿದರೆ 'ವಿಟೆಕ್ ಒದೆಯುತ್ತೆ' ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಈ ಎಂಜಿನ್ನಿನಲ್ಲಿ ವಿಟೆಕ್ ಇರುವುದು ಪೆಟ್ರೋಲ್ ಉಳಿಸೋಕೆ. ಹಗುರವಾಗಿ ಓಡಿಸುವಾಗ ಇನ್‌ಟೇಕ್ ವಾಲ್ವನ್ನು (ಗಾಳಿ ಒಳಗೆ ಬಿಡೋ ಕವಾಟ) ತಡವಾಗಿ ಮುಚ್ಚುತ್ತದೆ, ಅಷ್ಟೇ. ನನಗೆ ಹೈವೇಯಲ್ಲಿ 14, ಊರೊಳಗೆ 9 ಕಿ.ಮೀ. ಸಿಗುತ್ತಿದೆ.

ಇನ್ನು ಹೊಟ್ಟೆಯ ಕಥೆ. ಗಾಡಿ ತುಂಬಾ ಕೆಳಗೆ. ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿ ಗೇಟಿನ ಹಂಪ್ ಮೇಲೆ ಐದು ಜನ ಕೂತು ಹೋದರೆ 'ಕರ್ರ್' ಅನ್ನುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನಿಂದ ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಹೆಂಡತಿ, ಮಗ ಅಲ್ಲೇ ಇಳಿದು ಗೇಟು ದಾಟಿ ಮತ್ತೆ ಹತ್ತುತ್ತಾರೆ. ಅವರಿಗೆ ರೂಢಿಯಾಗಿದೆ. ಅಪ್ಪನಿಗೆ ಇನ್ನೂ ಆಗಿಲ್ಲ. ಮೊದಲ ದಿನ ಮಂಡಿ ಹಿಡಿದು ಇಳಿಯುತ್ತಾ, "ನೆಲದ ಮ್ಯಾಲೆ ಕುಂತಂಗ ಆಗ್ತದಲ್ಲೋ, ಇದಕ್ಕ ಎರಡೂವರಿ ಲಕ್ಷ ಕೊಟ್ಟಿಯೇನು?" ಅಂದಿದ್ದರು.

ಖರ್ಚೂ ಹೇಳಿಬಿಡುತ್ತೇನೆ. ನಾಲ್ಕು ವರ್ಷ, 38,000 ಕಿ.ಮೀ. ಎಂಜಿನ್ ಮೌಂಟ್, ಸಸ್ಪೆನ್ಷನ್ ಬುಷ್, ಕ್ಲಚ್, ನಾಲ್ಕು ಟೈರು, ಎಲ್ಲಾ ಸೇರಿ ಲಕ್ಷದ ಮೇಲೆ. ಎಂಜಿನ್ ಒಳಗೆ ಕೈ ಹಾಕಿಲ್ಲ. ಇದಕ್ಕೆ ಟೈಮಿಂಗ್ ಬೆಲ್ಟ್ ಅಲ್ಲ, ಚೈನು. ಬೆಲ್ಟ್ ಬದಲಿಸೋ ಖರ್ಚು ಉಳಿಯಿತು. 2024ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿತ್ತು, ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದೆ. ಅದರ ಶುಲ್ಕವೇ 5,000, ಗ್ರೀನ್ ಟ್ಯಾಕ್ಸ್ ಬೇರೆ. ಹಳೇ ಗಾಡಿಗೆ ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಿನಾ ಐಟಿ ಕಂಪನಿಗಳ ಹಿಂಜವಡಿ ಟ್ರಾಫಿಕ್ಕಿನಲ್ಲಿ ಸಾಯುವವರು ನನ್ನ ಮಾತು ಕೇಳಬೇಡಿ, ಹೊಸದನ್ನೇ ತಗೊಳ್ಳಿ. ಅಲ್ಲಿ ಸಿವಿಟಿಯೇ ಸರಿ. ಎಡ ಇಂಡಿಕೇಟರ್ ಹಾಕಿದರೆ ಕನ್ನಡಿಯ ಕೆಳಗಿನ ಕ್ಯಾಮೆರಾ ಪಕ್ಕದ ರಸ್ತೆಯನ್ನು ಪರದೆಯಲ್ಲಿ ತೋರಿಸುತ್ತದೆ. ಎಡಗಡೆ ಸಂದಿಯಿಂದ ನುಗ್ಗೋ ಪುಣೆಯ ಸ್ಕೂಟರ್ ನೋಡಿದವರಿಗೆ ಇದರ ಬೆಲೆ ಗೊತ್ತು. ಏರ್‌ಬ್ಯಾಗೂ ಜಾಸ್ತಿ, ನನ್ನದರಲ್ಲಿ ಇರೋದು ಎರಡೇ. ಒಂದೇ ವಿಷಯ, 2020ರ ಕೊನೆಗೆ ಹೋಂಡಾ ಸಿವಿಕ್ ಮಾರುವುದನ್ನೇ ಇಲ್ಲಿ ನಿಲ್ಲಿಸಿತು. ಎರಡು ವರ್ಷವೂ ಪೂರ್ತಿ ಮಾರಾಟವಾಗದ ಗಾಡಿ ಅದು, ರಸ್ತೆಯಲ್ಲಿ ಕಡಿಮೆ. ಬಂಪರ್, ಲೈಟು ನೆಟ್ಟಗಿವೆಯಾ ಅಂತ ನೋಡಿಯೇ ಅಡ್ವಾನ್ಸ್ ಕೊಡಿ.

ನನ್ನ ಗಾಡಿಗೆ 2029ರವರೆಗೆ ಕಾಗದ ಇದೆ. ಅಲ್ಲಿವರೆಗೆ ಮಾರೋದಿಲ್ಲ. ಸೊಸೈಟಿಯವರು ಆ ಹಂಪ್ ಇನ್ನೂ ಎತ್ತರ ಮಾಡ್ತಾರಂತೆ, ಅದೊಂದೇ ಚಿಂತೆ.