ರೂಟ್ ಕೆನಾಲ್ ಭಯಕ್ಕೆ ಮಾತ್ರೆ: ಮಾತ್ರೆಗೆ 5 ಸ್ಟಾರ್, ಕ್ಲಿನಿಕ್‌ಗೆ 3

ಹಲ್ಲಿನ ಡಾಕ್ಟ್ರು ಅಂದ್ರೆ ಓಡೋ ಪಾರ್ಟಿ ನಾನು. ಎರಡು ಸಲ ಅಪಾಯಿಂಟ್‌ಮೆಂಟ್ ತಗೊಂಡು ಏನೋ ನೆಪ ಹೇಳಿ ಕ್ಯಾನ್ಸಲ್ ಮಾಡಿದೀನಿ, ಮೂರನೇ ಸಲ ಚೇರಲ್ಲಿ ಕೂತಮೇಲೆ ಡ್ರಿಲ್ ಗುಂಯ್ ಅಂದಿದ್ದೇ ತಡ ಎದ್ದು ಹೊರಟೋಳು ಕತ್ತಿಗೆ ಕಟ್ಟಿದ್ದ ನೀಲಿ ಪೇಪರ್ ಸಮೇತ ರೋಡಿಗೇ ಬಂದಿದ್ದೆ. ಅಷ್ಟರಲ್ಲಿ ಹುಳುಕು ನರದವರೆಗೂ ಹೋಗಿತ್ತು, ರೂಟ್ ಕೆನಾಲ್ ಬಿಟ್ರೆ ಕೀಳಿಸೋದೇ ಅಂದ್ರು.

ಈ ಸಲ ಹೋದ ಕ್ಲಿನಿಕ್‌ನಲ್ಲಿ (ಹೆಸ್ರು ಬೇಡ, ಕಾರಣ ಕೆಳಗಿದೆ) ಡಾಕ್ಟ್ರೇ ಓರಲ್ ಸೆಡೇಶನ್, ಅಂದ್ರೆ ಭಯ ಇಳಿಸೋ ಮಾತ್ರೆ ನುಂಗಿಸಿ ಕೆಲಸ ಮಾಡೋದು, ಅದನ್ನ ಮಾಡೋಣ ಅಂದ್ರು. ನಂಗೆ ಕೊಟ್ಟಿದ್ದು ಟ್ರಯಾಜೋಲಾಮ್ 0.25 ಮಿಲಿಗ್ರಾಂ, ಶುರು ಮಾಡೋಕೆ ಒಂದು ಗಂಟೆ ಮುಂಚೆ ಅಲ್ಲೇ ಕೂರಿಸಿ ನುಂಗಿಸಿದ್ರು. ಡಯಾಜೆಪಾಮ್ ಯಾಕೆ ಬೇಡ ಅಂತ ಕೇಳ್ದೆ, ಅದೂ ಇದೇ ಗುಂಪಿನ ಮಾತ್ರೆನೇ, ಆದ್ರೆ ಮೈಯಿಂದ ಪೂರ್ತಿ ಹೋಗೋಕೆ ದಿನಗಟ್ಲೆ ಬೇಕು, ಇದು ಬೇಗ ಇಳಿಯತ್ತೆ ಅಂದ್ರು. ಕೊಡೋಕೆ ಮುಂಚೆ ಪ್ರಶ್ನೆ ಮೇಲೆ ಪ್ರಶ್ನೆ, ಗೊರಕೆ ಹೊಡೀತೀರಾ, ನಿದ್ದೇಲಿ ಉಸಿರು ಕಟ್ಟತ್ತಾ, ಪ್ರೆಗ್ನೆಂಟಾ, ಡ್ರಿಂಕ್ಸ್ ತಗೊಂಡಿದೀರಾ, ಸ್ಟ್ರಾಂಗ್ ಪೇನ್ ಕಿಲ್ಲರ್ ಏನಾದ್ರೂ ನಡೀತಿದ್ಯಾ ಅಂತ. ಫಂಗಸ್‌ಗೆ ಕೊಡೋ ಕೀಟೊಕೊನಜೋಲ್, ಇಟ್ರಕೊನಜೋಲ್ ಇದ್ರ ಜತೆ ಆಗೋದೇ ಇಲ್ವಂತೆ, ಗ್ರೇಪ್‌ಫ್ರೂಟ್ ಜ್ಯೂಸೂ ಬೇಡ, ಮಾತ್ರೆ ಮೈಯಿಂದ ಹೋಗೋದು ನಿಧಾನ ಆಗಿ ಅಮಲು ಜಾಸ್ತಿ ಏರತ್ತೆ. ಇಷ್ಟು ಕೇಳಿದ್ದಕ್ಕೇ ನಂಗೆ ಅರ್ಧ ನಂಬಿಕೆ ಬಂತು.

ಮೊದ್ಲು 20 ನಿಮಿಷ ಏನೂ ಇಲ್ಲ, ಛೆ ದಂಡ ಅನ್ಕೊಂಡೆ. ಆಮೇಲೆ ಗೋಡೆ ಮೇಲಿದ್ದ ಹಲ್ಲುಜ್ಜೋ ಪೋಸ್ಟರ್‌ನ ಅದೇ ಒಂದು ಸಾಲು ಓದ್ತಾನೇ ಇದೀನಿ ಅಂತ ಗೊತ್ತಾಯ್ತು, ನನ್ನ ಕಾಲು ಕುಣಿಯೋದು ಯಾವಾಗ ನಿಂತಿತ್ತೋ ಗೊತ್ತಿಲ್ಲ.

ತುಂಬಾ ಜನ ತಪ್ಪು ತಿಳ್ಕೊಂಡಿರೋದು ಇದನ್ನೇ, ಇದು ಆಪರೇಷನ್‌ಗೆ ಕೊಡೋ ಅನಸ್ತೇಶಿಯಾ ಥರ ಅಲ್ಲ, ನಿದ್ದೆ ಗ್ಯಾರಂಟಿ ಇಲ್ಲ. ಬಾಯಿ ಇನ್ನೂ ಸ್ವಲ್ಪ ಅಗಲ ಮಾಡಿ ಅಂದ್ರೆ ಮಾಡ್ತಿದ್ದೆ. ನೋವಿಗೂ ಇದು ಔಷಧಿ ಅಲ್ಲ, ಮರಗಟ್ಟಿಸೋ ಇಂಜೆಕ್ಷನ್ ಬೇಕೇ ಬೇಕು, ಒಸಡಿಗೆ ಸೂಜಿ ಹೋಗಿದ್ದು ಚೆನ್ನಾಗೇ ಗೊತ್ತಾಯ್ತು, ಆದ್ರೆ ಪಕ್ಕದ ಮನೆಯವರಿಗೆ ಯಾರಿಗೋ ಚುಚ್ಚಿದ ಹಾಗಿತ್ತು. ಬೆರಳಿಗೆ ಹಾಕಿದ್ದ ಆಕ್ಸಿಜನ್ ನೋಡೋ ಕ್ಲಿಪ್ ಟಿಕ್ ಟಿಕ್ ಅಂತಿತ್ತು. ಒಂದೂವರೆ ಗಂಟೆ ಆಯ್ತಂತೆ, ನನ್ ಲೆಕ್ಕದಲ್ಲಿ ಹತ್ತು ನಿಮಿಷ.

ಮೈನಸ್ ಅಂದ್ರೆ ಒಂದ್ಸಲ ನುಂಗಿದ್ರೆ ಮುಗೀತು. ಔಷಧಿನ ರಕ್ತನಾಳಕ್ಕೆ ಇಂಜೆಕ್ಷನ್ ಕೊಡೋದಾದ್ರೆ ನೋಡ್ಕೊಂಡು ಸ್ವಲ್ಪ ಸ್ವಲ್ಪ ಬಿಡಬಹುದು, ಲಾಫಿಂಗ್ ಗ್ಯಾಸ್ ಅಂತೂ ಮಾಸ್ಕ್ ತೆಗೆದ ಕೆಲವೇ ನಿಮಿಷದಲ್ಲಿ ಇಳಿದುಹೋಗತ್ತೆ, ಇದು ಹಾಗಲ್ಲ. ಜಾಸ್ತಿ ಆದ್ರೆ ಇಳಿಸೋಕೆ ಫ್ಲೂಮಜೆನಿಲ್ ಅಂತ ಇಂಜೆಕ್ಷನ್ ಇದೆ, ಕ್ಲಿನಿಕ್‌ನಲ್ಲಿ ಇಟ್ಟಿದೀರಾ ಅಂತ ನಾನು ಮೊದ್ಲೇ ಕೇಳಿದ್ದೆ, ಇತ್ತು. ನೀವೂ ಕೇಳಿ, ನಾಚ್ಕೋಬೇಡಿ.

ಈಗ ನನ್ ಸಿಟ್ಟು. ಈ ಮಾತ್ರೆ ತಗೊಂಡ ಮೇಲೆ ನಡೆದಿದ್ದು ಪೂರ್ತಿ ನೆನಪಿರಲ್ಲ ಅಂತ ಅವ್ರೇ ಹೇಳಿದ್ರು, ಕರ್ಕೊಂಡು ಹೋಗೋಕೆ ಜನ ಬೇಕು, 24 ಗಂಟೆ ಗಾಡಿ ಓಡಿಸಬಾರ್ದು ಅಂತ ಅಕ್ಕನ್ನ ಬರೋಕೂ ಹೇಳಿದ್ರು. ಆದ್ರೆ ಕೆಲಸ ಮುಗಿದ ಮೇಲೆ ಏನು ಮಾಡ್ಬೇಕು ಏನು ಮಾಡ್ಬಾರ್ದು ಅಂತ ಎಲ್ಲಾ ನಂಗೇ ಹೇಳಿ ಕಳ್ಸಿದಾರೆ, ಅಕ್ಕ ಹೊರಗಡೆ ಬೆಂಚ್ ಮೇಲೇ ಕೂತಿದಾಳೆ! ಒಂದು ಚೀಟಿನೂ ಇಲ್ಲ. ಮನೆಗೆ ಬಂದು ಜೋಮು ಇಳಿಯೋ ಮುಂಚೆನೇ ಏನೋ ಅಗಿಯೋಕೆ ಹೋಗಿ ಕೆನ್ನೆ ಒಳಗಡೆ ಕಚ್ಕೊಂಡೆ, ರಕ್ತ ಬಂದಾಗ್ಲೇ ಗೊತ್ತಾಗಿದ್ದು. ಮಾರನೇ ದಿನ ಫೋನ್ ಮಾಡಿದ್ರೆ ರಿಸೆಪ್ಷನ್‌ನಲ್ಲಿದ್ದೋರು "ಎಲ್ಲಾ ಹೇಳಿದ್ವಲ್ಲಾ ಮೇಡಂ, ನೀವೇ ಹೂಂ ಹೂಂ ಅಂದ್ರಿ" ಅಂತಾರೆ. ಅಂದಿರ್ತೀನಿ ಬಿಡಿ, ಆವತ್ತು ಆಸ್ತಿ ಬರ್ಕೊಡಿ ಅಂದಿದ್ರೂ ಹೂಂ ಅಂತಿದ್ದೆ.

ರೂಟ್ ಕೆನಾಲ್ ಮಾಡಿದ ಹಲ್ಲು ಆರಾಮಾಗಿದೆ, ನೋಯ್ತಿರೋದು ಕೆನ್ನೆನೇ. ಮುಂದಿನ ವಾರ ಕ್ಯಾಪ್‌ಗೆ ಅಳತೆ ಕೊಡೋಕೆ ಹೋಗ್ಬೇಕು, ಅದಕ್ಕೆ ಮಾತ್ರೆ ಬೇಕಾ ಬೇಡ್ವಾ ಇನ್ನೂ ಡಿಸೈಡ್ ಮಾಡಿಲ್ಲ, ತಗೊಂಡ್ರೆ ಮಾತ್ರ ಅಕ್ಕ ಒಳಗಡೆನೇ ಕೂರ್ತಾಳೆ.